ತೊಟ್ಟಿಯ ಕಪ್ಪೆಗಳು ಸಂಸಾರ ಹೂಡಲಿಲ್ಲ

ಕಪ್ಪೆಯ ಮರಿಗೆ ನಮ್ಮ ಕಡೆ ಗೊದ... ಗೊಜ್ಜ... ಹಾಂ, ಗೊದಮೊಟ್ಟೆ, ಹಾಗೇ ಬರಿ ಪುಟ್ಟೀ. ಜಯನಗರ ಬಿಟ್ಟು ಈ ಜಮ್ಶೆಡ್‌ಪುರಕ್ಕೆ ಬಂದು ಐವತ್ತು ವರ್ಷದ ಮೇಲಾಯಿತು. ಪದಗಳು ಜಾರುತ್ತವೆ, ಮಾನ ಹೋದ ಪ್ರಸಂಗ ಮಾತ್ರ ಒಂದೂ ಜಾರುವುದಿಲ್ಲ. ಅಂಥವು ನನ್ನನ್ನೇ ಹುಡುಕಿಕೊಂಡು ಬರುತ್ತಿದ್ದವು.

ಸಾವಿರದ ಒಂಬೈನೂರ ಅರವತ್ತರ ಸುಮಾರಿಗೆ ಜಯನಗರದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ನಾನು ವಿಜ್ಞಾನದ ಟೀಚರು, ತಾತ್ಕಾಲಿಕ. ಇನ್ಸ್‌ಪೆಕ್ಟರು ಬರುವುದರೊಳಗೆ ಕಪ್ಪೆ ಸಾಕಿ ಮರಿ ಮಾಡಿಸುತ್ತೇನೆ ಎಂದು ಹೆಡ್‌ಮಿಸ್ಟ್ರೆಸ್ ಮುಂದೆ ಕೊಚ್ಚಿಕೊಂಡಿದ್ದೆ. ಮರಿಯಾದರೆ ಕೆಲಸ ಖಾಯಂ, ಇಲ್ಲದಿದ್ದರೆ ಮನೆ.

೧. ಮಳೆ

ಹಿತ್ತಲಿನ ಕಲ್ಲುತೊಟ್ಟಿಯಲ್ಲಿ ಎರಡು ಕಪ್ಪೆ ಬಿಟ್ಟೆ. ಚಿಕ್ಕದು ವಟಗುಟ್ಟುತ್ತಿತ್ತು, ಗಂಡು. ದೊಡ್ಡದು ಸುಮ್ಮನಿತ್ತು, ಹೆಣ್ಣು ಎಂದು ತೀರ್ಮಾನಿಸಿದೆ. ದಿನಾ ಸಂಜೆ ಗಿಡದ ಝಾರಿಯಿಂದ ನೀರು ಚಿಮುಕಿಸುತ್ತಿದ್ದೆ.

ಶಾಲೆಯ ಆಯಾ ಕೇಳಿದಳು: “ಏನ್ ಟೀಚರಮ್ಮ, ಕೊತ್ತಂಬರಿ ಹಾಕಿದ್ದೀರಾ?”

“ಇಲ್ಲ, ಮಳೆ ಬರಿಸ್ತಿದ್ದೀನಿ. ಮಳೆ ಬಂದ್ರೆ ಮೊಟ್ಟೆ ಇಡುತ್ತೆ.”

“ಅಯ್ಯೋ, ನಂಗೆ ಎಂಟು ಮಕ್ಕಳು, ಯಾರೂ ನೀರು ಹಾಕಲಿಲ್ಲ. ಒಂದು ಕಂಬಳಿ ಹೊದಿಸಿ, ಸಾಕು!”

ಮಾರನೇ ದಿನ ಯಾರೂ ಇಲ್ಲದಾಗ ತೊಟ್ಟಿಗೆ ಗೋಣಿಚೀಲ ಹೊದಿಸಿದೆ. ಓದಿದವಳು!

೨. ಇನ್ಸ್‌ಪೆಕ್ಟರು

ನಾಳೆ ಇನ್ಸ್‌ಪೆಕ್ಟರು ಅನ್ನುವಾಗಲೂ ತೊಟ್ಟಿಯಲ್ಲಿ ಒಂದು ಮೊಟ್ಟೆಯೂ ಇಲ್ಲ. ಬೆಳಿಗ್ಗೆ ಯಡಿಯೂರು ಕೆರೆಗೆ ಹೋಗಿ, ಟಿಫಿನ್ ಕ್ಯಾರಿಯರ್ ತುಂಬ ಗೊದಮೊಟ್ಟೆ ತಂದು ಸುರಿದೆ. ಇನ್ಸ್‌ಪೆಕ್ಟರು ಬಂದಾಗ ಇಲ್ಲೇ ಹುಟ್ಟಿದವು ಎಂದೆ.

“ತಾಯಿ ಯಾವುದಮ್ಮ?”

“ಆ ದೊಡ್ಡದು, ಸಾರ್.”

ಅವರು ಬಗ್ಗಿ ನೋಡಿದರು. “ಪಾಪ, ಬಾಣಂತಿಗೆ ಸುಸ್ತಾಗಿದೆ. ಮಕ್ಕಳೇ, ಗಲಾಟೆ ಮಾಡಬೇಡಿ.”

ಕೆಲಸ ಖಾಯಂ ಆಯಿತು. ಮಧ್ಯಾಹ್ನದ ಅನ್ನ ಹಾಗೇ ಮುಚ್ಚಿಟ್ಟೆ. ಕ್ಯಾರಿಯರ್ ಬೇರೆ ವಾಸನೆ.

೩. ಮದುವೆ

ಆಮೇಲೆ ಒಂದು ತಿಂಗಳು ಮಳೆ ಕೈಕೊಟ್ಟಿತು. ಯಡಿಯೂರಿನ ಹಿರಿಯರು ಮಳೆಗಾಗಿ ಕಪ್ಪೆ ಮದುವೆ ಮಾಡಲು ಜೋಡಿ ಕೇಳಿಕೊಂಡು ಶಾಲೆಗೇ ಬಂದರು. “ನಿಮ್ಮದು ಮಕ್ಕಳಾಗಿರೋ ಜೋಡಿ ಟೀಚರಮ್ಮ. ಅದೇ ಬೇಕು.” ತೊಟ್ಟಿಯಿಂದ ಎರಡನ್ನೂ ಹಿಡಿದು ಕೊಟ್ಟೆ.

ಚಪ್ಪರದ ಕೆಳಗೆ ಊರೆಲ್ಲ ಸೇರಿತ್ತು; ಹೆಡ್‌ಮಿಸ್ಟ್ರೆಸ್, ನನ್ನ ಹುಡುಗಿಯರು ಮುಂದಿನ ಸಾಲಿನಲ್ಲಿ. ಗಟ್ಟಿಮೇಳ ಇನ್ನೇನು ಮೊಳಗಬೇಕು. ಅರಿಶಿನದ ದಾರ ಕತ್ತಿಗೆ ತಾಕಿದ್ದೇ, ಮದುಮಗಳಾಗಿದ್ದ ದೊಡ್ಡ ಕಪ್ಪೆ ಗಂಟಲು ನಿಂಬೆಹಣ್ಣಿನಷ್ಟು ಉಬ್ಬಿಸಿ “ವಟರ್!” ಎಂದಿತು.

ಮೊದಲ ಬೆಂಚಿನ ಹುಡುಗಿ ಎದ್ದು ನಿಂತಳು. “ಮಿಸ್, ಕೂಗೋದು ಗಂಡು ಅಂತ ನೀವೇ ಪಾಠ ಮಾಡಿದ್ರಿ. ಹಾಗಾದ್ರೆ ಇನ್ಸ್‌ಪೆಕ್ಟರಿಗೆ ತೋರಿಸಿದ ಮರಿಗಳ ತಾಯಿ ಎಲ್ಲಿ?”

ಹೆಡ್‌ಮಿಸ್ಟ್ರೆಸ್ ನಿಧಾನವಾಗಿ ನನ್ನ ಕಡೆ ತಿರುಗಿದರು. ಊರೇ ನನ್ನ ಬಾಯಿ ನೋಡುತ್ತಿತ್ತು.

“ತವರಿಗೆ ಹೋಗಿದೆ” ಅಂದುಬಿಟ್ಟೆ.

ಎಲ್ಲರೂ ನಕ್ಕರು. ನಾನೂ ನಕ್ಕೆ, ಸತ್ಯ ಹೇಳಲಿಲ್ಲ. ಖಾಯಂ ಸಂಬಳ ತಿನ್ನುತ್ತಾ ಹೋದೆ. ಬರಿ ಪುಟ್ಟೀ, ನಿನ್ನಜ್ಜಿ ಸುಳ್ಳು ಹೇಳಿ ಕೆಲಸ ಉಳಿಸಿಕೊಂಡಳು ಅಂತ ಬರಿ. ನಗಬೇಡ. ಬರಿ.