ಬಚ್ಚಲ ಗೋಡೆಯ ಬೆಳ್ಳಿಜರಿ

ನಮ್ಮತ್ತೆಗೆ ಜಗತ್ತಿನಲ್ಲಿ ಮೂರರ ಮೇಲೆ ಪ್ರಾಣ: ದೇವರು, ನಾನು ಮತ್ತು ಬಚ್ಚಲಮನೆಯ ಹಿಂದಿನ ಗೋಡೆ. ಈ ಪೈಕಿ ನನ್ನದು ಕೊನೆಯ ಸ್ಥಾನವೆಂದು ನನಗೆ ಬಹಳ ಕಾಲದಿಂದ ಅನುಮಾನ! ಅತ್ತೆಯೆಂದರೆ ಅಪ್ಪನ ಅಕ್ಕ. ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡು ನಮ್ಮೊಂದಿಗೇ ಇದ್ದವರು.

ಎಪ್ಪತ್ತರ ದಶಕದ ರಾಜಾಜಿನಗರ. ಬೇರೆಯವರ ಬಚ್ಚಲ ನೀರಿಗೆ ಬಸಳೆ, ಬಾಳೆ ಬೆಳೆದರೆ ನಮ್ಮಲ್ಲಿ ಜರೀಗಿಡ, ಅದೇ ಫರ್ನ್! ಸಕಲೇಶಪುರದ ನೆಂಟರಿಂದ ಬೇರು ತಂದು ಅತ್ತೆ ಒದ್ದೆ ಗೋಡೆಯ ಬಿರುಕಿಗೆಲ್ಲ ಸಿಕ್ಕಿಸಿದ್ದರು. ಒಂದು ಜಾತಿಯ ಎಳೆಯ ಸುರುಳಿಯಿಂದ ಪಲ್ಯ. ಇನ್ನೊಂದು ಬೆಳ್ಳಿಜರಿ. ಅದರ ಎಲೆಯ ಬೆನ್ನಿಗೆಲ್ಲ ಬಿಳಿಯ ಹುಡಿ, ಕೈಮೇಲಿಟ್ಟು ಒತ್ತಿದರೆ ಎಲೆಯ ಅಚ್ಚು ಹಾಗೇ ಮೂಡುತ್ತದೆ. ಒಮ್ಮೆ ಅತ್ತೆ ಕಿತ್ತಿಟ್ಟಿದ್ದ ಎಲೆಯ ಮೇಲೆ ನಾನು ನೋಡದೆ ಕೂತು, ಎದ್ದು, ಠೀವಿಯಿಂದ ಕಾಲೇಜಿನ ಬಸ್ಸು ಹತ್ತಿದೆ. ಹಿಂದೆ ನಿಂತಿದ್ದ ಹೆಂಗಸೊಬ್ಬರು, "ಸೀರೆ ಡಿಸೈನ್ ಚೆನ್ನಾಗಿದೆಯಮ್ಮ, ಒಂದೇ ಕಡೆ ಯಾಕೆ ಹಾಕ್ಸಿದೀಯಾ?" ಎಂದರು.

ನನ್ನ ಮದುವೆ ಗೊತ್ತಾಯಿತು. ಬೀಗರು ಮನೆಗೆ ಬರುವವರಿದ್ದರು. ಬಿ.ಎ. ಪಾಸಾದ ಹುಡುಗಿಯ ಮನೆಯಲ್ಲಿ ಕಳೆ ಬೆಳೆದ ಗೋಡೆಯೇ? ಬೀಗರು ಏನೆಂದುಕೊಂಡಾರು? ಹಿಂದಿನ ದಿನ ಅತ್ತೆ ದೇವಸ್ಥಾನಕ್ಕೆ ಹೋಗಿದ್ದಾಗ ದೋಸೆ ಮಗುಚುವ ಕೈ ಹಿಡಿದು ಇಡೀ ಗೋಡೆ ಹೆರೆದುಹಾಕಿದೆ. ನನ್ನ ಬಿ.ಎ. ಉಪಯೋಗಕ್ಕೆ ಬಂದದ್ದು ಅದೊಂದೇ ಸಲ!

ಅತ್ತೆ ಬಂದು ಗೋಡೆ ನೋಡಿದರು. ಬೈಯಲಿಲ್ಲ. "ನಾಳೆ ದೋಸೆ ಏತರಲ್ಲಿ ಮಗುಚ್ತೀಯೇ?" ಎಂದಷ್ಟೇ ಕೇಳಿ ಒಳಗೆ ಹೋದರು.

ಮರುದಿನ ಮಧ್ಯಾಹ್ನ ನಡುಮನೆಯಲ್ಲಿ ಹೆಂಗಸರೆಲ್ಲ ಸೇರಿ ನನ್ನ ಕೈಗೆ ಗೋರಂಟಿ ಮೆತ್ತುತ್ತಿದ್ದರು. ಅತ್ತೆ ಬಾಗಿಲಾಚೆಯೇ ನಿಂತಿದ್ದರು. "ಬನ್ನಿ ಅತ್ತೆ, ನಿಮ್ಗೂ ಒಂಚೂರು ಹಚ್ತಾರೆ" ಎಂದು ಕೂಗಿಬಿಟ್ಟೆ. ಹೆಂಗಸರೆಲ್ಲ ಮುಖ ಮುಖ ನೋಡಿಕೊಂಡರು! ನನ್ನ ದಡ್ಡತನ ನನಗೆ ಅರ್ಥವಾಗುವಷ್ಟರಲ್ಲಿ ಅತ್ತೆ ಹಿತ್ತಲಿಗೆ ನಡೆದಿದ್ದರು. ನಾನೂ ಹಿಂದೆಯೇ ಓಡಿದೆ.

"ಗಂಡ ಹೋದವಳಿಗೆ ಗೋರಂಟಿ ಯಾರೇ ಹಚ್ತಾರೆ?" ಎಂದರು ಅತ್ತೆ. "ಕೆಂಪು ಹತ್ತಿದ್ರೆ ಹೋಗಲ್ಲ, ಜನ ನೋಡ್ತಾರೆ. ಜರಿ ಎಲೆ ಆದ್ರೆ ಒತ್ಕೊಂಡು, ಒಂದ್ಗಳಿಗೆ ನೋಡ್ಕೊಂಡು, ಯಾರಾದ್ರೂ ಬಂದ್ರೆ ತೊಳ್ಕೊಂಡ್ಬಿಡಬಹುದು. ಅಷ್ಟೇ ಕಣೇ."

ನನಗೆ ಅಳು ಬಂತು. ಅಷ್ಟು ವರ್ಷ ಜೊತೆಗಿದ್ದೂ ನನಗೆ ತಿಳಿದಿರಲಿಲ್ಲ. ಕಣ್ಣೊರೆಸಿಕೊಳ್ಳಲೂ ಕೈಯಲ್ಲಿ ಗೋರಂಟಿ! ಗೋಡೆಯ ಮೇಲುಗಡೆ ನೋಡಿದೆ. ನೀರಿನ ಪೈಪಿನ ಹಿಂದೆ, ನನ್ನ ಪರಾಕ್ರಮಕ್ಕೆ ಎಟುಕದೆ ಬೆಳ್ಳಿಜರಿಯ ಒಂದೇ ಒಂದು ಎಲೆ ಉಳಿದಿತ್ತು. ಬಕೆಟ್ಟು ಬೋರಲು ಹಾಕಿ ಹತ್ತಿ ಅದನ್ನು ಕಿತ್ತೆ.

"ಮದುಮಗಳು ಕಣೇ ನೀನು! ಗೋರಂಟಿ ಹಾಳಾಯ್ತು!"

"ಆಗ್ಲಿ ಬಿಡಿ. ಒಳಗೆ ಬನ್ನಿ."

ನಡುಮನೆಗೆ ಎಳೆದುಕೊಂಡು ಬಂದು ಎಲ್ಲರ ನಡುವೆ ಕೂರಿಸಿ, ಅತ್ತೆಯ ಕೈಮೇಲೆ ಎಲೆಯಿಟ್ಟು ಒತ್ತಿದೆ. ಬೆಳ್ಳಗೆ, ಒಂದು ಗೀರೂ ತಪ್ಪದೆ ಮೂಡಿತು. ನನ್ನ ಅಂಗೈಗಳೋ, ಹುಣಿಸೆಹಣ್ಣು ಕಿವುಚಿದಂತಿದ್ದವು!

ಅಷ್ಟರಲ್ಲಿ ಹೊರಗೆ ಗೇಟು ಸದ್ದಾಯಿತು. ಬೀಗರು ಒಳಗೆ ಬಂದರು. ಅತ್ತೆ ಕೈ ತೊಳೆಯಲು ಏಳಲಿಲ್ಲ.