ಎರಡೇ ರೆಕ್ಕೆಯ ಪತಂಗ

“ನಾನು ಕಣ್ಣು ಮುಚ್ಚೋದ್ರೊಳಗೆ ಒಂದು ಪತಂಗಕ್ಕಾದ್ರೂ ನನ್ನ ಹೆಸರು ಇಡಿಸ್ತೀನಿ, ನೋಡ್ತಿರು!” ಎಂದು ಹೆಲ್ತ್ ಇನ್ಸ್‌ಪೆಕ್ಟರ್ ಸಾಹೇಬರು ಹೆಂಡತಿಯ ಮುಂದೆ ಘೋಷಿಸಿದರು.

ಹೋಟೆಲು, ಬೇಕರಿಗಳ ಅಡುಗೆಮನೆಗೆ ನುಗ್ಗಿ, ಎಳ್ಳಷ್ಟು ಜಿಡ್ಡು ಕಂಡರೂ ಬೀಗ ಜಡಿಸುವುದು ಅವರ ವೃತ್ತಿ. ಪತಂಗಗಳ ಫೋಟೊ ಹೊಡೆದು, ವಾಟ್ಸಾಪಿನ ‘ಪತಂಗ ಬಳಗ’ಕ್ಕೆ ಕಳಿಸಿ, ಬಲ್ಲವರಿಂದ ಹೆಸರು ಕೇಳುವುದು ಹೊಸ ಹುಚ್ಚು. ಈವರೆಗೆ ಕಳಿಸಿದ್ದಕ್ಕೆಲ್ಲ ಬಳಗದ ಹಿರಿಯರಾದ ಮೇಷ್ಟ್ರು “ತೀರಾ ಮಾಮೂಲಿ” ಎಂದು ಉತ್ತರಿಸಿ ಅವರ ಹೊಟ್ಟೆ ಉರಿಸಿದ್ದರು.

ಒಂದು ಬೆಳಿಗ್ಗೆ ಹಲ್ಲುಜ್ಜಲು ಹೋದ ಸಾಹೇಬರಿಗೆ ಬಚ್ಚಲುಮನೆಯ ಗೋಡೆಯ ಮೇಲೆ ಬೂದು ಬಣ್ಣದ ಪುಟ್ಟ ಜೀವವೊಂದು ದರ್ಶನ ಕೊಟ್ಟಿತು. ಮೈತುಂಬ ರೋಮ, ಮಾಡಿನಂತೆ ಇಳಿಬಿಟ್ಟ ರೆಕ್ಕೆ! ಬ್ರಷ್ಷನ್ನು ಬಾಯಲ್ಲೇ ಕಚ್ಚಿಕೊಂಡು ಫೋಟೊ ಹೊಡೆದರು, ಬಳಗಕ್ಕೆ ಕಳಿಸಿದರು, ಬಾಗಿಲಿಗೆ ಚಿಲಕ ಹಾಕಿದರು.

“ರೀ, ಇನ್ನೂ ಎಷ್ಟೊತ್ತು? ನನಗೆ ಬಸ್ ತಪ್ಪತ್ತೆ!”

“ಸುಮ್ನಿರೇ! ಸಂಶೋಧನೆ ನಡೀತಿದೆ!”

“ಬಚ್ಚಲಲ್ಲಿ ಎಂಥಾ ಸಂಶೋಧನೆರೀ? ಅಮ್ಮ ಬೇರೆ ಟವಲ್ ಹಿಡ್ಕೊಂಡು ನಿಂತಿದ್ದಾರೆ!”

“ಪರವಾಗಿಲ್ಲ ಅಳಿಯಂದಿರೇ, ನಿಧಾನವಾಗಿ ಬನ್ನಿ,” ಎಂದರು ಅತ್ತೆ. ಆ ದನಿಯಲ್ಲಿ ಪರವಾಗಿಲ್ಲ ಎನ್ನುವಂಥದ್ದು ಏನೂ ಇರಲಿಲ್ಲ.

ಅಷ್ಟರಲ್ಲಿ ಮೇಷ್ಟ್ರ ಉತ್ತರ ಬಂತು: “ಮುಂದಿನ ರೆಕ್ಕೆ ಮಾತ್ರ ಕಾಣ್ತಿದೆ. ಹಿಂದಿನ ಜೋಡಿ ಕಾಣೋ ಹಾಗೆ ಇನ್ನೊಂದು ಕಳಿಸಿ.”

ಪತಂಗಕ್ಕೆ ನಾಲ್ಕು ರೆಕ್ಕೆ ಎಂಬುದು ಬಳಗದ ಮೊದಲ ಪಾಠ. ಸಾಹೇಬರು ಬಕೆಟ್ ಬೋರಲು ಹಾಕಿ ಹತ್ತಿದರು, ಊದಿದರು, ಜಾರಿದರು, ಮತ್ತೆ ಹತ್ತಿದರು. ಕೊನೆಗೆ ರೆಕ್ಕೆ ಬಿಚ್ಚಿದ ಫೋಟೊ ಸಿಕ್ಕಿತು. ಎಷ್ಟು ಹಿಗ್ಗಿಸಿ ನೋಡಿದರೂ ರೆಕ್ಕೆ ಎರಡೇ! ಬೇರೆಯವರಾಗಿದ್ದರೆ ಅನುಮಾನ ಪಡುತ್ತಿದ್ದರು. ಸಾಹೇಬರ ಎದೆ ಉಬ್ಬಿತು.

“ಎರಡೇ ರೆಕ್ಕೆಯ ಪತಂಗ! ಪ್ರಪಂಚದಲ್ಲೇ ಮೊದಲು! ಇದಕ್ಕೆ ನನ್ನ ಹೆಸರೇ ಇಡಬೇಕು!” ಎಂದು ಬರೆದರು. ಸಾಲದ್ದಕ್ಕೆ, ತಮ್ಮ ಕೀರ್ತಿಯನ್ನು ಊರು ಕಣ್ಣಾರೆ ನೋಡಲಿ ಎಂದು ಫೋನಿನಲ್ಲಿದ್ದ ಹೋಟೆಲು, ಬೇಕರಿ ಮಾಲೀಕರನ್ನೆಲ್ಲ ಬಳಗಕ್ಕೆ ಸೇರಿಸಿ, ಅವರಿಗೂ ಕಾಣಲೆಂದು ಎರಡೂ ಫೋಟೊಗಳನ್ನು ಮತ್ತೆ ಕಳಿಸಿಬಿಟ್ಟರು!

ಮೇಷ್ಟ್ರು ಬರೆದರು: “ಎರಡೇ ರೆಕ್ಕೆ ಇದ್ರೆ ಅದು ಪತಂಗ ಅಲ್ಲ ಸ್ವಾಮಿ, ನೊಣ. ಬಚ್ಚಲ ನೊಣ. ತಿಂಗಳುಗಟ್ಟಲೆ ಉಜ್ಜದ ಮೋರಿಯ ಲೋಳೆಯಲ್ಲಿ ಮೊಟ್ಟೆ ಇಡುತ್ತೆ. ಯಾವ ಹೋಟೆಲಲ್ಲಿ ಸಿಕ್ಕಿತು?”

ಸಾಹೇಬರಿಗೆ ಜೀವ ಬಂದಂತಾಯಿತು. “ಹೌದು, ಒಂದು ಗಲೀಜು ಹೋಟೆಲಲ್ಲಿ,” ಎಂದು ತಕ್ಷಣ ಬರೆದರು.

ಅವರಿಂದ ಈಚೆಗಷ್ಟೇ ಬೀಗ ಜಡಿಸಿಕೊಂಡಿದ್ದ ಬೇಕರಿ ಮಾಲೀಕ ವಿನಯದಿಂದ ಕೇಳಿದ: “ಮೊದಲನೇ ಫೋಟೊದ ಮೂಲೇಲಿ ಕನ್ನಡಿ ಇದೆ ಸಾರ್. ಅದರಲ್ಲಿ ಬನಿಯನ್ ಹಾಕ್ಕೊಂಡು, ಬ್ರಷ್ ಕಚ್ಕೊಂಡು ನಿಂತಿರೋರು ತಾವೇ ಅಲ್ವಾ?”

ಸಾಹೇಬರು ತೆಪ್ಪಗೆ ಚಿಲಕ ತೆಗೆದರು. ಹೆಂಡತಿ ಫೋನ್ ಕಿತ್ತುಕೊಂಡು ಓದಿದಳು.

“ಮೋರಿ ಕಟ್ಕೊಂಡಿದೆ ಅಂತ ಬಡ್ಕೊಂಡೆ! ಆಫೀಸ್ ಕೆಲಸ ಮನೇಲಿ ಮಾಡಲ್ಲ ಅಂದೋರು ಯಾರು?”

ಸಾಹೇಬರು ಮಂಡಿಯೂರಿ ಮೋರಿ ಉಜ್ಜತೊಡಗಿದರು. ಫೋನು ಮಾತ್ರ ಕುಂಯ್‌ಗುಡುತ್ತಲೇ ಇತ್ತು. ಬಳಗದವರು ಒಮ್ಮತದಿಂದ ಬಚ್ಚಲ ನೊಣಕ್ಕೆ ‘ಇನ್ಸ್‌ಪೆಕ್ಟರ್ ನೊಣ’ ಎಂದು ನಾಮಕರಣ ಮಾಡಿದ್ದರು. ಮೇಷ್ಟ್ರೂ ಹೆಬ್ಬೆರಳೆತ್ತಿದ್ದರು!

“ಅಮ್ಮಾ, ಕೊನೆಗೂ ಇವರ ಹೆಸರು ಇಟ್ಟರು ನೋಡು!” ಎಂದಳು ಹೆಂಡತಿ.

ಅತ್ತೆ ಟವಲನ್ನು ಹೆಗಲಿಗೇರಿಸಿ ನಿಟ್ಟುಸಿರು ಬಿಟ್ಟರು.

“ಅಯ್ಯೋ, ಆ ನೊಣ ಏನು ತಪ್ಪು ಮಾಡಿತ್ತೇ, ಪಾಪ!”