ಮೆಟ್ಟಿಲಪ್ಪ ತನ್ನದೇ ಕಿಟಕಿಗೆ ಅರ್ಜಿ ಹಾಕಿದ್ದು

ಆ ದಿನದ ಫಜೀತಿಗೆಲ್ಲ ಕಾರಣ ಒಂದು ಕುಂಟು ಮೇಜು.

ಕಾಲೇಜಿನಲ್ಲಿ ಅರ್ಜಿ ತೆಗೆದುಕೊಳ್ಳುವ ಕಿಟಕಿಯ ಒಳಗೆ ಆ ಮೇಜು ಇಪ್ಪತ್ತಾರು ವರ್ಷದಿಂದ ನಿಂತಿತ್ತು. ಅದರ ಒಂದು ಕಾಲು ಗಿಡ್ಡ. ಬೆಳಿಗ್ಗೆ ಗುಮಾಸ್ತ ಬಂದು ಕೂತು ಮೊದಲನೇ ಸೀಲು ಒತ್ತಿದ್ದೇ ತಡ, ಮೇಜು ಹಟಮಾರಿ ಕರುವಿನ ಹಾಗೆ ತಲೆ ಕೊಡವಿತು. ಬಗ್ಗಿ ನೋಡಿದರೆ, ಗಿಡ್ಡ ಕಾಲಿನ ಕೆಳಗೆ ಮಡಿಸಿ ಇಟ್ಟಿದ್ದ ಕಾಗದ ಜರುಗಿತ್ತು. ಎರಡು ವಾರದ ಹಿಂದೆ ಅಟೆಂಡರ್ ಕೈಗೆ ಸಿಕ್ಕಿದ್ದನ್ನು ಮಡಿಸಿ ಅಲ್ಲಿ ತುರುಕಿದ್ದ. ಗುಮಾಸ್ತ ಅದನ್ನು ಇನ್ನೊಂದು ಸುತ್ತು ಮಡಿಸೋಣವೆಂದು ಬಿಚ್ಚಿದ. ಬಿಚ್ಚಿದವನು ಓದಿದ. ಓದಿದವನು ಕುರ್ಚಿಗೆ ಒರಗಿದ.

ಅದು ಪ್ರಿನ್ಸಿಪಾಲರ ಸುತ್ತೋಲೆ. ಹೆಡ್ ಕ್ಲಾರ್ಕ್ ಈ ವರ್ಷ ನಿವೃತ್ತಿಯಾಗುತ್ತಾರೆ. ಕಾಲೇಜಿನದೇ ಸಂಜೆ ತರಗತಿಯಲ್ಲಿ 'ಕಚೇರಿ ಕೆಲಸ - ಎರಡು' ಎಂಬ ಕೋರ್ಸಿಗೆ ಸೇರಿ ಪಾಸಾದವರಿಗೆ ಆ ಕುರ್ಚಿ. ಸೇರಲು ಕೊನೆಯ ದಿನ ಇವತ್ತು, ಸಂಜೆ ಐದು ಗಂಟೆ.

ಈ ಗುಮಾಸ್ತನಿಗೆ ಕಾಲೇಜಿನಲ್ಲೆಲ್ಲ ಮೆಟ್ಟಿಲಪ್ಪ ಎಂದೇ ಹೆಸರು. ಒಂದನೇ ಕೋರ್ಸು ಪಾಸಾಗದೆ ಎರಡನೆಯದು ಕೇಳಿಕೊಂಡು ಬಂದವರಿಗೆಲ್ಲ ಅವನು ಒಂದೇ ಮಾತು ಹೇಳುತ್ತಿದ್ದ: "ಮೊದಲನೇ ಮೆಟ್ಟಿಲು ಹತ್ತದೆ ಎರಡನೇದಕ್ಕೆ ಕಾಲಿಡಬಾರದಪ್ಪ." ಹೇಳಿ, ಪಾಸಾದವರ ಪುಸ್ತಕ ತೆಗೆದು, ಹೆಸರಿಲ್ಲವೆಂದು ತೋರಿಸಿ, ಅರ್ಜಿಯ ಮೇಲೆ 'ವಾಪಸ್' ಎಂದು ಸೀಲು ಒತ್ತಿ, ಬಂದವರನ್ನು ಕಳಿಸಿ, ಅರ್ಜಿಯನ್ನು ತನ್ನ ಕಟ್ಟಿಗೆ ಸೇರಿಸುತ್ತಿದ್ದ. ಅತ್ತರೂ ಅಷ್ಟೆ, ನಕ್ಕರೂ ಅಷ್ಟೆ. ಅವನ ತಲೆಯ ಮೇಲೆ ಗೋಡೆಯಲ್ಲಿ ನಿಯಮದ ಹಲಗೆ ಇತ್ತು. ಅದರಲ್ಲಿ ಮೊದಲನೇ ಸಾಲು ಈ ಮೆಟ್ಟಿಲಿನದೇ. ಎರಡನೇ ಸಾಲು ಯಾರಿಗೂ ಕಾಣುತ್ತಿರಲಿಲ್ಲ, ಏಕೆಂದರೆ ಅದರ ಮೇಲೆ ಮೆಟ್ಟಿಲಪ್ಪನ ಕೊಡೆ ನೇತಾಡುತ್ತಿತ್ತು.

ಅವನನ್ನು ಕೊರೆದದ್ದು ಹೆಡ್ ಕ್ಲಾರ್ಕ್ ಕುರ್ಚಿಯ ಆಸೆಯಲ್ಲ. ಪಕ್ಕದ ಮೇಜಿನ ಟೈಪಿಸ್ಟಮ್ಮ ಒಂದನೇ ಕೋರ್ಸು ಪಾಸು ಮಾಡಿ, ಎರಡನೆಯದಕ್ಕೆ ಹೋದ ವಾರವೇ ಅರ್ಜಿ ಕೊಟ್ಟಿದ್ದಳು; ಅದು ಏಕೆಂದು ಇವನಿಗೆ ಹೊಳೆದದ್ದು ಈಗ. ಕಡತ ಕಟ್ಟುವುದು ಹೇಗೆಂದು ಅವಳಿಗೆ ಕಲಿಸಿದವನೇ ಇವನು. ನಾಳೆ ಅವಳೆದುರು ಕೈಕಟ್ಟಿ ನಿಂತು ರಜಾ ಚೀಟಿಗೆ ಸಹಿ ಕೇಳಬೇಕಲ್ಲ ಎಂಬುದೇ ಅವನ ಸಂಕಟ. ಇನ್ನು, ಒಂದನೇ ಕೋರ್ಸನ್ನು ಇವನು ಮಾಡಿರಲೇ ಇಲ್ಲ. ಇವನು ಕೆಲಸಕ್ಕೆ ಸೇರಿದ ಕಾಲಕ್ಕೆ ಆ ಕೋರ್ಸೇ ಹುಟ್ಟಿರಲಿಲ್ಲ.

ಅಷ್ಟರಲ್ಲಿ ಕಿಟಕಿಗೆ ಒಬ್ಬ ಹುಡುಗಿ ಬಂದಳು. ಅವಳಿಗೂ ಅದೇ ಎರಡನೇ ಕೋರ್ಸು ಬೇಕು. ಅಪ್ಪನ ಲಾರಿ ಆಫೀಸಿನಲ್ಲಿ ಆರು ವರ್ಷ ಕಾಗದಪತ್ರ ನೋಡಿಕೊಂಡವಳಂತೆ, ಮೊದಲನೆಯದರಲ್ಲಿ ತನಗೆ ಕಲಿಯುವುದೇನೂ ಇಲ್ಲವಂತೆ. ಮೆಟ್ಟಿಲಪ್ಪ ಮೆಟ್ಟಿಲಿನ ಮಾತು ಹೇಳಿದ, ಸೀಲು ಒತ್ತಿದ. ಆ ಕೋರ್ಸಿಗೆ ಅವನು ವಾಪಸ್ ಕಳಿಸಿದವರಲ್ಲಿ ಅವಳು ಹದಿನಾಲ್ಕನೆಯವಳು.

ಮೆಟ್ಟಿಲಪ್ಪನೂ ಆ ಕೋರ್ಸಿಗೆ ಅರ್ಜಿ ಹಾಕಲು ಹೊರಟಿದ್ದು ತಿಳಿದ ಅಟೆಂಡರ್ ಲೋಕದ ಬುದ್ಧಿಯನ್ನೆಲ್ಲ ಗುತ್ತಿಗೆ ಹಿಡಿದವನಂತೆ ಬಂದು ನಿಂತ. ಅರ್ಜಿ ತಗೊಳ್ಳೋರೂ ನೀವೇ, ಕೊಡೋರೂ ನೀವೇ, ಇದಕ್ಕಿಂತ ಸುಲಭ ಏನಿದೆ ಎಂದ. ಟೈಪಿಸ್ಟಮ್ಮನೂ ಕೆಲಸ ನಿಲ್ಲಿಸಿ, "ಹೌದಣ್ಣಾ, ಸುಮ್ನೆ ಅಲ್ಲೇ ಕೂತು ಬರೆದುಬಿಡಿ," ಎಂದಳು. ಮೆಟ್ಟಿಲಪ್ಪನಿಗೆ ಅದು ಹಿಡಿಸಲಿಲ್ಲ. ಅರ್ಜಿದಾರ ಕಿಟಕಿಯ ಹೊರಗೆ ನಿಲ್ಲಬೇಕು, ಅದು ಕ್ರಮ. ಅರ್ಜಿ ಬರೆದುಕೊಂಡು ವರಾಂಡ ಸುತ್ತಿ ಹೋಗಿ ಸಾಲಿನ ಕೊನೆಯಲ್ಲಿ ನಿಂತ.

ಸಾಲು ಅಲ್ಲಾಡಲಿಲ್ಲ. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಮುಂದಿದ್ದವರು ಗೊಣಗಿದರು, ಆ ಗುಮಾಸ್ತ ಎಲ್ಲಿ ಹಾಳಾಗಿ ಹೋದನೋ ಎಂದು. ಇವನೂ ಅವರ ಜತೆ ಸೇರಿ, ಈಗಿನವರಿಗೆ ಕೆಲಸದ ಮೇಲೆ ನಿಗಾನೇ ಇಲ್ಲ ಎಂದು ತಲೆ ಅಲ್ಲಾಡಿಸಿದ. ಅರ್ಧ ಗಂಟೆ ಕಳೆದ ಮೇಲೆ, ಆ ಗುಮಾಸ್ತ ತಾನೇ ಎಂಬುದು ಹೊಳೆದು ಒಳಗೆ ಓಡಿದ.

ಸಾಲನ್ನೆಲ್ಲ ಮುಗಿಸಿ, ಮತ್ತೆ ಹೊರಗೆ ಹೋಗಿ ಕಿಟಕಿಯಲ್ಲಿ ಅರ್ಜಿ ಒಳಗೆ ತಳ್ಳಿದ. ಒಳಗೆ ಯಾರೂ ಇಲ್ಲ. ಓಡಿ ಒಳಗೆ ಬಂದು ಅರ್ಜಿ ಎತ್ತಿಕೊಂಡು, ಕನ್ನಡಕ ಏರಿಸಿ, ಪಾಸಾದವರ ಪುಸ್ತಕದಲ್ಲಿ ಬೆರಳಾಡಿಸಿದ. ಹೆಸರಿಲ್ಲ. ಇಪ್ಪತ್ತಾರು ವರ್ಷದ ಕೈ, ಅದು ಯಜಮಾನನ ಮಾತು ಕೇಳುತ್ತದೆಯೇ? ಎತ್ತಿತು, 'ವಾಪಸ್' ಎಂದು ಒತ್ತಿಯೇಬಿಟ್ಟಿತು.

ಟೈಪಿಸ್ಟಮ್ಮ ಸೆರಗು ಬಾಯಿಗೆ ಹಿಡಿದು ನಕ್ಕಳು. ನಕ್ಕು ಮುಗಿದ ಮೇಲೆ ಒಂದು ದಾರಿಯನ್ನೂ ಹೇಳಿದಳು. ಪಾಠ ಮಾಡುವ ಮೇಷ್ಟ್ರು ಬೇಕೆಂದರೆ ಬಾಯಿಪರೀಕ್ಷೆ ಮಾಡಿ ಮೊದಲನೇ ಕೋರ್ಸಿನಿಂದ ವಿನಾಯಿತಿ ಕೊಡಬಹುದಂತೆ. ಅಂಥದೊಂದು ದಾರಿ ಇದೆಯೆಂದು ಗೊತ್ತಿದ್ದರೂ ಮೆಟ್ಟಿಲಪ್ಪ ಯಾರಿಗೂ ಹೇಳಿದವನಲ್ಲ; ಹೇಳದೆ ಹೇಳದೆ ತಾನೇ ಮರೆತಿದ್ದ. ಹೇಳಿದರೆ ಎಲ್ಲರೂ ಅದೇ ದಾರಿ ಹಿಡಿಯುತ್ತಾರಲ್ಲ! ಅವಳನ್ನು ಕಿಟಕಿಯಲ್ಲಿ ಕೂರಿಸಿ, ಹೊಸ ಅರ್ಜಿ ಹಿಡಿದು ಮೂರು ಮಹಡಿ ಹತ್ತಿದ. ಆ ಕಟ್ಟಡಕ್ಕೆ ಅಷ್ಟೊಂದು ಮೆಟ್ಟಿಲಿದೆಯೆಂದು ಅವನಿಗೆ ತಿಳಿದದ್ದೇ ಅವತ್ತು.

ಮೇಷ್ಟ್ರು ಕೋಣೆಗೆ ಬೀಗ ಹಾಕುತ್ತಿದ್ದರು. ಇವನು ಏದುಸಿರು ಬಿಡುತ್ತಾ ವಿಷಯ ಹೇಳಿದ. ಇಪ್ಪತ್ತಾರು ವರ್ಷ ಇದೇ ಕೆಲಸ ಮಾಡಿದ್ದೇನೆ, ಮೊದಲನೆಯದರಲ್ಲಿ ನನಗೆ ಕಲಿಯುವುದೇನೂ ಇಲ್ಲ ಎಂದ. ಎಂದ ಮೇಲೆ, ಈ ಮಾತನ್ನು ಎಲ್ಲೋ ಕೇಳಿದ್ದೇನಲ್ಲ ಎನ್ನಿಸಿ ಲಾರಿ ಆಫೀಸಿನ ಹುಡುಗಿಯ ಮುಖ ಕಣ್ಣೆದುರು ಬಂತು. ಕಿವಿ ಬೆಚ್ಚಗಾಯಿತು.

ಮೇಷ್ಟ್ರು ಬೀಗ ಕೈಯಲ್ಲೇ ಹಿಡಿದುಕೊಂಡು, "ಒಂದೇ ಪ್ರಶ್ನೆ ಕೇಳ್ತೀನಿ," ಎಂದರು. "ಒಬ್ಬ ಬರ್ತಾನೆ. ಮೊದಲನೇ ಕೋರ್ಸ್ ಮಾಡಿಲ್ಲ. ಅನುಭವ ಇದೆ, ಎರಡನೇದಕ್ಕೆ ಸೇರಿಸ್ಕೊಳ್ಳಿ ಅಂತಾನೆ. ನೀವು ಏನ್ ಮಾಡ್ತೀರಿ?"

ಮೆಟ್ಟಿಲಪ್ಪ ಯೋಚಿಸುವ ಮೊದಲೇ ಅವನ ಬಾಯಿ ಹೇಳಿತು, "ವಾಪಸ್ ಕಳಿಸ್ತೀನಿ ಸಾರ್."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಮೇಷ್ಟ್ರು ಗಂಭೀರವಾಗಿ ತಲೆದೂಗಿದರು. "ಉತ್ತರ ಸರಿ. ಪಾಸ್," ಎಂದು ವಿನಾಯಿತಿ ಚೀಟಿಗೆ ಸಹಿ ಹಾಕಿಕೊಟ್ಟರು.

ಐದಕ್ಕೆ ಐದು ನಿಮಿಷವಿರುವಾಗ ಮೆಟ್ಟಿಲಪ್ಪ ಕೆಳಗಿಳಿದ. ಟೈಪಿಸ್ಟಮ್ಮ ಚೀಟಿ ನೋಡಿ, ಪಟ್ಟಿಯಲ್ಲಿ ಹೆಸರು ಬರೆದು, ಇನ್ಮೇಲೆ ನಾವಿಬ್ಬರೂ ಒಂದೇ ಬೆಂಚು ಅಣ್ಣಾ ಎಂದಳು. ಕಿಟಕಿ ಮುಚ್ಚಿತು. ಮೆಟ್ಟಿಲಪ್ಪ ಹಾಯಾಗಿ ಉಸಿರು ಬಿಟ್ಟು, ಮನೆಗೆ ಹೊರಡಲೆಂದು ಗೋಡೆಯ ಕೊಡೆ ತೆಗೆದ.

ಕೊಡೆಯ ಹಿಂದಿನಿಂದ ಎರಡನೇ ಸಾಲು ಹೊರಗೆ ಬಂತು: 'ಹತ್ತು ಮಂದಿಗಿಂತ ಕಡಿಮೆ ಸೇರಿದ ಕೋರ್ಸು ಆ ವರ್ಷ ನಡೆಯುವುದಿಲ್ಲ.'

ಪಟ್ಟಿ ಎಣಿಸಿದ. ಟೈಪಿಸ್ಟಮ್ಮ, ಬೇರೆ ಆರು ಮಂದಿ, ಕೊನೆಗೆ ತಾನು. ಎಂಟು. ಮೇಜಿನ ಮೂಲೆಯಲ್ಲಿ ಅವನೇ ಸೀಲು ಒತ್ತಿದ್ದ ಹದಿನಾಲ್ಕು ಅರ್ಜಿಗಳು ನೀಟಾಗಿ ದಾರ ಕಟ್ಟಿಸಿಕೊಂಡು ಕೂತಿದ್ದವು. ಇಬ್ಬರಿಗೆ, ಇಬ್ಬರಿಗೆ ಮಾತ್ರ, ಮೂರನೇ ಮಹಡಿಯ ದಾರಿ ತೋರಿಸಿದ್ದರೆ ಸಾಕಿತ್ತು.

ಅಟೆಂಡರ್ ಪ್ರಿನ್ಸಿಪಾಲರ ಕೋಣೆಗೆ ಹೋಗಿ ಬಂದು ತೀರ್ಮಾನ ತಿಳಿಸಿದ. ಕೋರ್ಸು ಇಲ್ಲ. ಪಾಸಾದವರು ಇಲ್ಲದ ಮೇಲೆ ಹೆಡ್ ಕ್ಲಾರ್ಕ್ ಕುರ್ಚಿ ಒಂದು ವರ್ಷ ಖಾಲಿ, ಯಾರಿಗೂ ಇಲ್ಲ. ಟೈಪಿಸ್ಟಮ್ಮ ಸಪ್ಪೆ ಮುಖ ಮಾಡಿ ಯಂತ್ರಕ್ಕೆ ಹೊದಿಕೆ ಹಾಕಿದಳು. ಹಾಗಾದರೆ ಈಗಲೇ ಒಂದನೇ ಕೋರ್ಸಿಗಾದರೂ ನನ್ನ ಹೆಸರು ಬರೆದುಬಿಡಮ್ಮ ಎಂದು ಮೆಟ್ಟಿಲಪ್ಪ ಕೇಳಿದ. ಅದು ಭರ್ತಿಯಾಗಿತ್ತು. ಅವನು ಮಹಡಿ ಹತ್ತಿದ್ದಾಗ ಆ ಹದಿನಾಲ್ಕು ಮಂದಿಯೂ ಬಂದು ಸೇರಿದ್ದರು. ಕೊನೆಯ ಸೀಟು ಸಿಕ್ಕಿದ್ದು ಲಾರಿ ಆಫೀಸಿನ ಹುಡುಗಿಗೆ. ಮೆಟ್ಟಿಲಿನ ಮಾತು ಹೇಳಿದ ಸಾರ್‌ಗೆ ಥ್ಯಾಂಕ್ಸ್ ಹೇಳಿ ಎಂದು ಹೇಳಿ ಹೋಗಿದ್ದಳಂತೆ.

ಮೆಟ್ಟಿಲಪ್ಪನಿಗೆ ದುಃಖ ಬರಬೇಕಿತ್ತು. ಸ್ವಲ್ಪ ಹೊತ್ತು ಕಾದು ನೋಡಿದ, ಬರಲಿಲ್ಲ. ಬದಲಿಗೆ ಬಿಗಿ ಚಪ್ಪಲಿ ಕಳಚಿದ ಹಾಗಾಯಿತು. ಪರೀಕ್ಷೆಯಿಲ್ಲ. ಹದಿನಾಲ್ಕು ಮಂದಿಯನ್ನು ತಡೆದು ತಾನೊಬ್ಬನೇ ನುಸುಳಿದ ಪಾಪವಿಲ್ಲ. ನಾಳೆ ರಜಾ ಚೀಟಿಗೆ ಯಾರೆದುರೂ ಕೈಕಟ್ಟಬೇಕಿಲ್ಲ, ಕನಿಷ್ಠ ಒಂದು ವರ್ಷ.

ಸುತ್ತೋಲೆ ಇನ್ನೂ ಮೇಜಿನ ಮೇಲಿತ್ತು. ಅದನ್ನು ನಾಲ್ಕು ಮಡಿಕೆ ಮಾಡಿ, ಮಂಡಿಯೂರಿ, ಗಿಡ್ಡ ಕಾಲಿನ ಕೆಳಗೆ ಸರಿಯಾಗಿ ತುರುಕಿದ. ಎದ್ದು ಎರಡು ಕೈಯಲ್ಲೂ ಮೇಜನ್ನು ಒತ್ತಿ ನೋಡಿದ.

ಅಲುಗಾಡಲಿಲ್ಲ.